ಹವಳದ ಮರಳಿನಲ್ಲಿ ಪೈಪು ಇಳಿಸುವಾಗ ಮೇಲಿನ ಒಂದು ಗೇಣು ಮುಖ್ಯ

ಕಳೆದ ಬೇಸಿಗೆಯಲ್ಲಿ ಪಾಂಡವಪುರದ ಹತ್ತಿರ ನನ್ನ ಭಾವಮೈದನ ಜಮೀನಿನಲ್ಲಿ ಬೋರ್ ಕೊರೆಸಿದರು. ರಿಗ್ ಲಾರಿ ಬಂತು, ಕಂಪ್ರೆಸರ್ ಶುರುವಾಯಿತು, ಬೂದಿ ಬಣ್ಣದ ಕಲ್ಲುಪುಡಿ ಹಾರಿ ಪಕ್ಕದ ಕಬ್ಬಿನ ಗರಿಗಳ ಮೇಲೆಲ್ಲ ಕೂತಿತು. "ಭಾವ, ನೀವೂ ಸಮುದ್ರದೊಳಗೆ ಇದನ್ನೇ ಮಾಡೋದಾ?" ಅಂತ ಕೇಳಿದ. ಇದಲ್ಲ ಅಂದೆ. ಬೋರ್‌ವೆಲ್‌ನಲ್ಲಿ 200 ಅಡಿಯ ಪುಡಿಯೂ 210 ಅಡಿಯ ಪುಡಿಯೂ ಗಾಳಿಯಲ್ಲಿ ಬೆರೆತು ಮೇಲೆ ಬರುತ್ತವೆ. ನೀರು ಸಿಕ್ಕರೆ ಸಾಕು, ಬೆರೆತರೆ ಯಾರಿಗೂ ನಷ್ಟವಿಲ್ಲ. ನಾವು ಸಮುದ್ರದ ತಳಕ್ಕೆ ಪೈಪು ಇಳಿಸಿ ಅಲ್ಲಿ ಕೂತ ಮರಳನ್ನು ಮೇಲೆತ್ತುತ್ತೇವೆ. ನಮಗೆ ಬೇಕಾದ್ದು ಅದರ ಪದರಗಳ ಸಾಲು. ಯಾವುದರ ಮೇಲೆ ಯಾವುದು ಕೂತಿತ್ತು ಅನ್ನೋದು ಕದಡಿಹೋದರೆ ಕೈಗೆ ಉಳಿಯುವುದು ಒಂದು ಚೀಲ ಮರಳು ಅಷ್ಟೇ.

ಮೈಸೂರಿನಲ್ಲಿದ್ದುಕೊಂಡು ಸಮುದ್ರದ ತಳದ ಕೆಲಸ ಮಾಡುತ್ತೇನೆ ಅಂದರೆ ಜನಕ್ಕೆ ಆಶ್ಚರ್ಯ. ಆದರೆ ಸಮುದ್ರದ ಮೇಲೆ ನಾವು ಇರುವುದು ವರ್ಷಕ್ಕೆ ಕೆಲವೇ ವಾರ. ಉಳಿದ ದಿನವೆಲ್ಲ ಇಲ್ಲೇ, ಮೇಜಿನ ಮೇಲೆ ಪೈಪು ಸೀಳಿಟ್ಟುಕೊಂಡು ಒಂದೊಂದೇ ಸೆಂಟಿಮೀಟರ್ ನೋಡುವುದು.

ಹವಳ ಅಂದ ಕೂಡಲೇ ನಮ್ಮವರಿಗೆ ಉಂಗುರದ ಕೆಂಪು ಹವಳ ನೆನಪಾಗುತ್ತೆ. ನಾನು ಹೇಳುತ್ತಿರುವುದು ದಿಬ್ಬ ಕಟ್ಟುವ ಹವಳ. ಅದು ಸುಣ್ಣದ ಗೂಡು ಕಟ್ಟಿಕೊಂಡು ಬದುಕುವ ಪುಟ್ಟ ಪ್ರಾಣಿಗಳ ಸಂಸಾರ. ಲಕ್ಷದ್ವೀಪದ ದ್ವೀಪಗಳೆಲ್ಲ ಇಂಥ ದಿಬ್ಬಗಳ ಮೇಲೆ ಕೂತಿವೆ. ದಿಬ್ಬದ ಒಳಗಡೆ ಅಲೆ ಕಡಿಮೆ ಇರುವ, ತಿಳಿ ಹಸಿರು ನೀರಿನ ಲಗೂನ್ ಇರುತ್ತಲ್ಲ, ಅದರ ತಳದಲ್ಲಿ ಸಾವಿರಾರು ವರ್ಷದಿಂದ ಮರಳು ಕೂತಿದೆ. ಕಾವೇರಿ ಮರಳಿನಂತೆ ಅದು ಬೆಟ್ಟದಿಂದ ಇಳಿದು ಬಂದದ್ದಲ್ಲ. ಪೂರ್ತಿ ಜೀವಿಗಳದ್ದೇ. ಮುರಿದ ಹವಳ, ಚಿಪ್ಪು, ಹವಳದ ಬಂಡೆ ಕಚ್ಚಿ ತಿನ್ನುವ ಗಿಳಿಮೀನು ಹೊರಹಾಕಿದ ಪುಡಿ, ಹ್ಯಾಲಿಮೆಡಾ ಅನ್ನೋ ಪಾಚಿಯ ಬಿಲ್ಲೆಗಳು. ಈ ಬಿಲ್ಲೆಗಳನ್ನು ಅಂಗೈಯಲ್ಲಿ ಹಾಕಿಕೊಂಡರೆ ಥೇಟ್ ಗಟ್ಟಿ ಅವಲಕ್ಕಿ. ನಾಲ್ಕು ಹನಿ ಆ್ಯಸಿಡ್ ಬಿಟ್ಟರೆ ನೊರೆ ಎದ್ದು ಕರಗಿಬಿಡುತ್ತವೆ.

ಇದರೊಳಗೆ ಪೈಪು ಇಳಿಸುವುದು ಹೇಗೆ? ಆಳ ಸಮುದ್ರದ ಮೆತ್ತನೆ ಕೆಸರಿಗಾದರೆ ಭಾರ ಕಟ್ಟಿದ ಪೈಪನ್ನು ಹಡಗಿನಿಂದ ಬಿಟ್ಟರೆ ತಾನೇ ನಾಟಿಕೊಳ್ಳುತ್ತೆ. ಹವಳದ ಮರಳು ಹಾಗಲ್ಲ. ಹೊಡೆದಷ್ಟೂ ಬಿಗಿಯಾಗುತ್ತೆ. ಅದಕ್ಕೇ ಕಂಪನ ಬೇಕು. ಮನೆ ಕಟ್ಟುವಾಗ ಮೋಲ್ಡ್ ಹಾಕುವ ದಿನ ಕಾಂಕ್ರೀಟಿನೊಳಗೆ ಬಿಡುತ್ತಾರಲ್ಲ, ಆ ವೈಬ್ರೇಟರ್ ಅನ್ನೇ ಮೂರಿಂಚಿನ ತೆಳು ಅಲ್ಯೂಮಿನಿಯಂ ಪೈಪಿಗೆ ಕ್ಲಾಂಪ್ ಹಾಕಿ ಬಿಗಿಯುತ್ತೇವೆ. ಪೈಪು ನಡುಗಿದಾಗ ಅದಕ್ಕೆ ತಾಗಿದ ಮರಳು ಮಾತ್ರ ನೀರಿನಂತೆ ಸಡಿಲವಾಗುತ್ತೆ, ನಡುವಿನದು ಹೆಚ್ಚುಕಮ್ಮಿ ಹಾಗೇ ಇರುತ್ತೆ, ಪೈಪು ತನ್ನ ಭಾರಕ್ಕೆ ಸರಸರ ಇಳಿಯುತ್ತೆ. ಆಮೇಲೆ ಪೈಪಿನ ಬಾಯಿವರೆಗೆ ನೀರು ತುಂಬಿ, ರಬ್ಬರ್ ಬಿರಡೆ ಬಿಗಿದು, ಚೈನ್ ಪುಲ್ಲಿಯಿಂದ ಮೇಲೆತ್ತುವುದು. ಬಿರಡೆ ಸಡಿಲವಿದ್ದರೆ ಪೈಪು ಖಾಲಿಯಾಗಿ ಬರುತ್ತೆ. ಜೀವಂತ ಹವಳವನ್ನು ಮುಟ್ಟುವ ಹಾಗೇ ಇಲ್ಲ. ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಆನೆಗಳ ಜೊತೆಗೆ.

ಎತ್ತುವ ಮೊದಲು ಒಂದು ಕೆಲಸ ತಪ್ಪಿಸಲೇಬಾರದು. ಪೈಪಿನ ಹೊರಗೆ ಮರಳಿನ ಮಟ್ಟ ಎಲ್ಲಿದೆ, ಒಳಗೆ ಎಲ್ಲಿದೆ, ಎರಡನ್ನೂ ಟೇಪು ಹಿಡಿದು ಅಳೆಯಬೇಕು. ಪೈಪು 4 ಮೀಟರ್ ಇಳಿದಿದ್ದರೆ ಒಳಗಿನ ಮರಳು 3.2 ಮೀಟರ್ ಇರಬಹುದು. ಆ 80 ಸೆಂಟಿಮೀಟರ್ ಅಮುಕಿಹೋಗಿದೆ. ಅದನ್ನು ಅಲ್ಲೇ, ನೀರಿನಲ್ಲೇ ಬರೆದುಕೊಳ್ಳದಿದ್ದರೆ ಮುಂದೆ ಹೇಳುವ ಪ್ರತಿ ಆಳವೂ, ಪ್ರತಿ ವಯಸ್ಸೂ ತಪ್ಪಾಗುತ್ತೆ.

ದಿಬ್ಬದ ಗಟ್ಟಿ ಭಾಗಕ್ಕೆ ವಜ್ರದ ಬಿಟ್ ಇರುವ ಡ್ರಿಲ್ಲೇ ಬೇಕು. ಅಲ್ಲೂ ಒಳಗೆಲ್ಲ ಪೊಳ್ಳು, ಗುಹೆ. 2005ರಲ್ಲಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ಸುತ್ತ ಅಂತರರಾಷ್ಟ್ರೀಯ ತಂಡವೊಂದು ಮುಳುಗಿದ ಹಳೇ ದಿಬ್ಬಗಳನ್ನು ಕೊರೆದಾಗ ಕೈಗೆ ಸಿಕ್ಕಿದ್ದು ಕೊರೆದದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 2010ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಕಾಲು ಭಾಗದ ಆಸುಪಾಸು. ಇಷ್ಟರಿಂದಲೇ ಎಂಥ ವಿಷಯ ಗೊತ್ತಾಯಿತು ನೋಡಿ. ಕೆಲವು ಹವಳಗಳು ನೀರಿನ ಮೇಲ್ಮೈಗೆ ಹತ್ತಿರವೇ ಬೆಳೆಯುತ್ತವೆ, ಅಂಥದ್ದು ನೂರು ಮೀಟರ್ ಆಳದಲ್ಲಿ ಸಿಕ್ಕಿದರೆ ಅವತ್ತು ಸಮುದ್ರದ ಮಟ್ಟ ಅಲ್ಲಿತ್ತು ಅಂತ ಲೆಕ್ಕ. ಹವಳದೊಳಗಿನ ಯುರೇನಿಯಂ ಕಾಲ ಕಳೆದಂತೆ ಥೋರಿಯಂ ಆಗುತ್ತೆ, ಆ ಲೆಕ್ಕದಿಂದ ಅದರ ವಯಸ್ಸು ಸಿಗುತ್ತೆ. ಸುಮಾರು 14,600 ವರ್ಷದ ಹಿಂದೆ, 350 ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ, ತಾಹಿತಿಯಲ್ಲಿ ಸಮುದ್ರ 14ರಿಂದ 18 ಮೀಟರ್ ಏರಿತ್ತು. ಅಂದರೆ ನಾಲ್ಕೈದು ಅಂತಸ್ತಿನ ಕಟ್ಟಡದಷ್ಟು. ಮಂಜುಗಡ್ಡೆ ಕರಗಿದರೆ ಸಮುದ್ರ ಎಷ್ಟು ಬೇಗ ಏರಬಲ್ಲದು ಅನ್ನೋದಕ್ಕೆ ಇಷ್ಟು ಗಟ್ಟಿ ಪುರಾವೆ ಕೊಟ್ಟಿದ್ದು ಇಂಥ ಮುರುಕಲು ಕೋರ್‌ಗಳೇ, ಅಂದರೆ ತಳದಿಂದ ತೆಗೆದ ಉದ್ದ ಕಂಬದಂಥ ತುಂಡುಗಳೇ.

ನನಗೆ ಇನ್ನೂ ಹತ್ತಿರವಾದದ್ದು ಮಧ್ಯ ಅಮೆರಿಕದ ಬೆಲೀಝ್ ದೇಶದ ಲಗೂನಿನ ಕೆಲಸ. ಅಲ್ಲಿ ಮುಳುಗುಗಾರರು ಅಲ್ಯೂಮಿನಿಯಂ ಪೈಪನ್ನು ಕೈಯಿಂದಲೇ ಒತ್ತಿ ಇಳಿಸಿದರು. ಹಡಗಿಲ್ಲ, ದೊಡ್ಡ ಯಂತ್ರವಿಲ್ಲ. ಕೋರ್ ತೆಗೆದು ನೋಡಿದರೆ ಕನಿಷ್ಠ 3,000 ವರ್ಷ ಒಂದೇ ಜಾತಿಯ ಕವಲು ಹವಳದ ತುಂಡುಗಳು. ಆ ಹವಳ 1980ರ ದಶಕದಲ್ಲಿ ರೋಗ ಬಂದು ಸತ್ತಿತು, ಆ ಜಾಗಕ್ಕೆ ಬೇರೆ ಹವಳ ಬಂತು, 1998ರಲ್ಲಿ ಸಮುದ್ರದ ನೀರು ಬಿಸಿಯಾಗಿ ಅದೂ ಹೋಯಿತು. 3,000 ವರ್ಷದಲ್ಲಿ ಆಗದ್ದು ಇಪ್ಪತ್ತು ವರ್ಷದಲ್ಲಿ ಎರಡು ಸಲ. ಇದೆಲ್ಲ ಗೊತ್ತಾದದ್ದು ಪೈಪಿನ ಮೇಲ್ತುದಿಯನ್ನು ಕೆಳಗಿನದರ ಜೊತೆ ಇಟ್ಟು ನೋಡಿದ್ದರಿಂದ.

ನಾನು ಮೇಲಿನ ಒಂದು ಗೇಣಿಗೆ ಅಷ್ಟು ಒದ್ದಾಡುವುದು ಇದಕ್ಕೇ. ವರ್ಷಕ್ಕೆ ಒಂದು ಮಿಲಿಮೀಟರ್ ಮರಳು ಕೂರುವ ಜಾಗದಲ್ಲಿ ಒಂದು ಗೇಣು, ಸುಮಾರು 20 ಸೆಂಟಿಮೀಟರ್, ಅಂದರೆ 200 ವರ್ಷ. ನಮ್ಮ ಅಜ್ಜ, ಮುತ್ತಜ್ಜನ ಕಾಲ ಪೂರ್ತಿ ಅದರಲ್ಲಿದೆ. ಲಕ್ಷದ್ವೀಪದ ಹವಳ ಬಿಸಿ ನೀರಿಗೆ ಬಿಳಿಚಿಕೊಂಡು ಸತ್ತ 1998, 2010, 2016 ಎಲ್ಲ ಅದರಲ್ಲೇ. ಪೈಪಿನ ಉಳಿದ ಭಾಗಕ್ಕಿಂತ ಸಡಿಲ, ನೀರಾಗಿರುವುದೂ ಅದೇ. ದೋಣಿಯಲ್ಲಿ ಪೈಪು ಅಡ್ಡ ಮಲಗಿಸಿದರೆ ಗಂಜಿಯಂತೆ ಹರಿದುಬಿಡುತ್ತೆ. ಮೊದಲೇ ಬಿಲ ತೋಡುವ ಸೀಗಡಿಗಳು ಮೇಲಿನ ಮರಳನ್ನು ಕಲಕಿರುತ್ತವೆ. ನಾವೂ ಕಲಕಿದರೆ ಏನು ಉಳಿಯಿತು?

ನಮಗೆ ಹಾಗೇ ಆಯಿತು. ಒಂದು ಸಲ ಲಗೂನಿನಿಂದ ತಂದ ಮೂರು ಪೈಪುಗಳನ್ನು ಮಂಗಳೂರಿನಿಂದ ಮೈಸೂರಿಗೆ ಲಾರಿಯಲ್ಲಿ ಕಳಿಸಿದೆವು. ಸಾಗಣೆಯವರ ಗೋಡೌನಿಗೆ ಹೋಗಿ ನೋಡಿದರೆ ಮೂರೂ ತಲೆಕೆಳಗಾಗಿ ಗೋಡೆಗೆ ಒರಗಿ ನಿಂತಿವೆ. ಮೇಲ್ಮುಖ ತೋರಿಸುವ ಕಾಗದದ ಚೀಟಿ ಮಳೆಗೆ ನೆನೆದು ಬಿದ್ದುಹೋಗಿತ್ತು. ಅಲ್ಲಿನ ಹುಡುಗನಿಗೆ ಗೊತ್ತಾಗುವುದಾದರೂ ಹೇಗೆ? ಅವನ ಪಾಲಿಗೆ ಅದು ಪೈಪು. ಸೀಳಿದೆವು. ಸಣ್ಣ ತಂತಿ ಹಿಡಿದು ನಡುವೆ ಎಳೆದು, ಪುಸ್ತಕದಂತೆ ಎರಡು ಹೋಳು ತೆರೆದೆವು. ಕೊಳೆತ ಮೊಟ್ಟೆಯ ವಾಸನೆ ಬಂತು, ಅದು ಒಳ್ಳೆಯದೇ, ಗಾಳಿ ಸೇರಿಲ್ಲ ಅಂತ ಅರ್ಥ. ಕೆಳಗಡೆ ಬೂದು ಮರಳಿನ ನಡುವೆ ಅವಲಕ್ಕಿಯಂಥ ಬಿಲ್ಲೆಗಳು ಪದರ ಪದರವಾಗಿ ಮಲಗಿದ್ದವು. ಮೇಲೆ ಬಂದ ಹಾಗೆ ಆ ಬಿಲ್ಲೆಗಳು ಅಡ್ಡ, ಉದ್ದ, ಓರೆ, ಹೇಗೆಂದರೆ ಹಾಗೆ. ಕಡೆಯ ಒಂದು ಗೇಣು ಪೂರ್ತಿ ಕಲಸಿಹೋಗಿತ್ತು. ಆ ಮಧ್ಯಾಹ್ನ ನಮ್ಮ ಹುಡುಗಿಯೊಬ್ಬಳು ಪೈಪಿನ ಮುಂದೆ ಸುಮ್ನೆ ಕೂತುಬಿಟ್ಟಿದ್ದಳು. ಅವಳೇ ಮುಳುಗಿ ತೆಗೆದ ಕೋರ್ ಅದು.

ಈಗ ಚೀಟಿ ನಂಬುವುದಿಲ್ಲ. ಪೈಪು ನೀರಿನಿಂದ ಬಂದ ಕೂಡಲೇ ಮೊಳೆಯಿಂದ ಲೋಹದ ಮೇಲೆ ಬಾಣ ಕೆರೆಯುತ್ತೇವೆ, ಅಡಿಗೊಂದು. ದೋಣಿಯಲ್ಲಿ ನೆಟ್ಟಗೇ ಕಟ್ಟಿ ನಿಲ್ಲಿಸಿ, ಮರಳಿನ ಮೇಲೆ ನಿಂತ ನೀರನ್ನು ಸಣ್ಣ ತೂತು ಕೊರೆದು ನಿಧಾನಕ್ಕೆ ಇಳಿಸಿ, ಖಾಲಿ ಪೈಪು ಕತ್ತರಿಸಿ ಹಾಕಿ, ಮರಳಿಗೆ ತಾಗುವ ಹಾಗೆ ಸ್ಪಂಜು ತುರುಕಿ ಬಾಯಿ ಮುಚ್ಚುತ್ತೇವೆ. ಮೇಲಿನ ಗೇಣಿಗೆ ಬೇರೆಯೇ ಒಂದು ಗಿಡ್ಡ ಪೈಪು. ಅದನ್ನು ಮುಳುಗುಗಾರರು ಕೈಯಲ್ಲೇ ಒತ್ತಿ ತೆಗೆಯುತ್ತಾರೆ, ದೋಣಿಯಲ್ಲೇ ಸೆಂಟಿಮೀಟರ್ ಲೆಕ್ಕದಲ್ಲಿ ಹೋಳು ಮಾಡಿ ಚೀಲಕ್ಕೆ ಹಾಕುತ್ತೇವೆ. ಅದನ್ನು ಲಾರಿಗೆ ಕೊಡುವುದಿಲ್ಲ, ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರುತ್ತೇವೆ.

ಆ ಮೂರು ಪೈಪುಗಳ ಕೆಳಗಿನ ಎರಡು ಮೀಟರ್ ಚೆನ್ನಾಗಿಯೇ ಇತ್ತು, ಬಳಸಿಕೊಂಡೆವು. ಮೇಲಿನದಕ್ಕೆ ಮತ್ತೆ ಅದೇ ಜಾಗಕ್ಕೆ ಹೋಗಬೇಕು. ಅನುಮತಿಗೆ ಅರ್ಜಿ ಹಾಕಿದ್ದೇವೆ. ಮಳೆಗಾಲ ಮುಗಿದು ಸಮುದ್ರ ಇಳಿದ ಮೇಲೆ ಹೊರಡುತ್ತೇವೆ, ಆ ಹುಡುಗಿಯೂ ಬರುತ್ತಾಳೆ.