ಜರ್ಮನಿಯಲ್ಲಿ ಸಂಪುಟ ರಚನೆ ಹೇಗೆ? 2025ರ ಮೆರ್ಜ್ ಸರ್ಕಾರದ ಉದಾಹರಣೆ

ಜರ್ಮನಿಯ ಸಂವಿಧಾನವನ್ನಷ್ಟೇ ಓದಿದರೆ ಸಂಪುಟ ರಚನೆ ಸರಳವಾಗಿ ಕಾಣುತ್ತದೆ. 63ನೇ ವಿಧಿಯಂತೆ ಸಂಸತ್ತಿನ ಕೆಳಮನೆ ಬುಂಡೆಸ್ಟಾಗ್, ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಅವರನ್ನು ಆರಿಸುತ್ತದೆ. 64ನೇ ವಿಧಿಯಂತೆ ಚಾನ್ಸಲರ್ ಸೂಚಿಸಿದವರನ್ನು ರಾಷ್ಟ್ರಾಧ್ಯಕ್ಷರು ಸಚಿವರನ್ನಾಗಿ ನೇಮಿಸುತ್ತಾರೆ. ಆದರೆ ಯಾವ ಖಾತೆ ಯಾವ ಪಕ್ಷಕ್ಕೆ ಎಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಅದು ತೀರ್ಮಾನವಾಗುವುದು ಮೈತ್ರಿ ಒಪ್ಪಂದದಲ್ಲಿ. ಸಂವಿಧಾನದಲ್ಲಿ ಈ ಒಪ್ಪಂದದ ಪ್ರಸ್ತಾಪವೇ ಇಲ್ಲ, ಕೋರ್ಟಿನಲ್ಲಿ ಅದನ್ನು ಜಾರಿ ಮಾಡಿಸಲೂ ಆಗದು. ಆದರೂ ಸಂಪುಟದ ಹಂಚಿಕೆ ನಡೆಯುವುದು ಅದರಂತೆಯೇ.

2025ರ ಫೆಬ್ರವರಿ 23ರ ಚುನಾವಣೆಯನ್ನೇ ನೋಡಿ. ಒಟ್ಟು 630 ಸ್ಥಾನ, ಬಹುಮತಕ್ಕೆ 316 ಬೇಕು. ಸಂಪ್ರದಾಯವಾದಿ ಸಿಡಿಯು ಮತ್ತು ಬವೇರಿಯಾ ರಾಜ್ಯದ ಅದರ ಸೋದರ ಪಕ್ಷ ಸಿಎಸ್‌ಯು ಸೇರಿ 208, ತೀವ್ರ ಬಲಪಂಥೀಯ ಎಎಫ್‌ಡಿ 152, ಎಡಮಧ್ಯ ಪಂಥದ ಎಸ್‌ಪಿಡಿ 120, ಪರಿಸರವಾದಿ ಗ್ರೀನ್ಸ್ 85, ಎಡಪಕ್ಷ 64. ಎಎಫ್‌ಡಿ ಜೊತೆ ಸರ್ಕಾರ ಮಾಡುವುದಿಲ್ಲ ಎಂದು ಉಳಿದ ಪಕ್ಷಗಳು ಮೊದಲೇ ಹೇಳಿದ್ದವು. ಸಿಡಿಯು-ಸಿಎಸ್‌ಯು ಬಣ ಗ್ರೀನ್ಸ್ ಪಕ್ಷವನ್ನು ಸೇರಿಸಿಕೊಂಡರೆ 293 ಮಾತ್ರ. ಉಳಿದದ್ದು ಎಸ್‌ಪಿಡಿ ಒಂದೇ: ಒಟ್ಟು 328. ಶೇ 16.4 ಮತ ಪಡೆದು ಹೀನಾಯವಾಗಿ ಸೋತ ಪಕ್ಷಕ್ಕೆ ಚೌಕಾಸಿಯಲ್ಲಿ ಅಷ್ಟು ಬಲ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ. ನೆನಪಿಡಬೇಕಾದ ಇನ್ನೊಂದು ಸಂಗತಿ: ಬಿಎಸ್‌ಡಬ್ಲ್ಯು ಎಂಬ ಹೊಸ ಪಕ್ಷ ಸದನ ಪ್ರವೇಶಕ್ಕೆ ಬೇಕಾದ ಶೇ 5 ಮತವನ್ನು ಕೂದಲೆಳೆಯ ಅಂತರದಲ್ಲಿ ಮುಟ್ಟಲಾಗಲಿಲ್ಲ. ಅದು ಒಳಗೆ ಬಂದಿದ್ದರೆ ಸ್ಥಾನಗಳು ಬೇರೆ ರೀತಿ ಹಂಚಿಹೋಗಿ ಈ ಎರಡು ಬಣಗಳಿಗೆ ಬಹುಮತವೇ ಸಿಗುತ್ತಿರಲಿಲ್ಲ.

ಮಾತುಕತೆ ಎರಡು ಹಂತದಲ್ಲಿ ನಡೆಯುತ್ತದೆ. ಒಟ್ಟಿಗೆ ಹೋಗಲು ಸಾಧ್ಯವೇ ಎಂದು ನೋಡುವ ಪೂರ್ವಭಾವಿ ಮಾತುಕತೆ ಮೊದಲು, ವಿಷಯವಾರು ಗುಂಪುಗಳ ವಿವರವಾದ ಚರ್ಚೆ ಆಮೇಲೆ. ಏಪ್ರಿಲ್ 9ರಂದು 144 ಪುಟಗಳ ಒಪ್ಪಂದ ಹೊರಬಂತು. ಅದನ್ನು ಸಿಎಸ್‌ಯು ತನ್ನ ಪದಾಧಿಕಾರಿಗಳ ಸಭೆಯಲ್ಲಿ, ಸಿಡಿಯು ಒಂದು ಸಣ್ಣ ಸಮಾವೇಶದಲ್ಲಿ ಒಪ್ಪಿದವು. ಎಸ್‌ಪಿಡಿ ಮಾತ್ರ ತನ್ನ ಎಲ್ಲ ಸದಸ್ಯರ ಮತ ಕೇಳಿತು. ಮತ ಹಾಕಿದವರಲ್ಲಿ ಶೇ 84.6 ಮಂದಿ ಹೌದು ಎಂದರು. ಹೊಂದಾಣಿಕೆಯನ್ನು ನಾಯಕರಷ್ಟೇ ಮಾಡಿಕೊಳ್ಳದೆ ಕಾರ್ಯಕರ್ತರನ್ನೂ ಕೇಳುವ ಈ ಪದ್ಧತಿ ನನಗೆ ಬಹಳ ಹಿಡಿಸಿತು.

ಇನ್ನು ಸಂಪುಟ. ಚಾನ್ಸಲರ್ ಆದ ಸಿಡಿಯುನ ಫ್ರೆಡ್ರಿಕ್ ಮೆರ್ಜ್ ಅವರನ್ನು ಬಿಟ್ಟು 17 ಸಚಿವರು: ಸಿಡಿಯುಗೆ 7, ಸಿಎಸ್‌ಯುಗೆ 3, ಎಸ್‌ಪಿಡಿಗೆ 7. ಖಾತೆ ಯಾವ ಪಕ್ಷದ್ದೋ, ಸಚಿವರ ಹೆಸರು ಸೂಚಿಸುವ ಹಕ್ಕೂ ಆ ಪಕ್ಷದ್ದೇ. ಹಾಗಾಗಿ ಎಸ್‌ಪಿಡಿ ಸಚಿವರ ವಿಷಯದಲ್ಲಿ ಮೆರ್ಜ್ ಆಯ್ಕೆಗೆ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ಎಣಿಕೆಗಿಂತ ಖಾತೆಗಳ ತೂಕ ನೋಡುವುದು ಒಳ್ಳೆಯದು. ಎಸ್‌ಪಿಡಿಗೆ ಹಣಕಾಸು (ಲಾರ್ಸ್ ಕ್ಲಿಂಗ್‌ಬೈಲ್, ಉಪಚಾನ್ಸಲರ್ ಕೂಡ), ರಕ್ಷಣೆ (ಬೋರಿಸ್ ಪಿಸ್ಟೋರಿಯಸ್), ಕಾರ್ಮಿಕ (ಬೆರ್ಬೆಲ್ ಬಾಸ್) ಖಾತೆಗಳು ಬಂದವು. ಹಣಕಾಸು ಸಚಿವರಿಗೆ ಸಂವಿಧಾನವೇ ವಿಶೇಷ ಅಧಿಕಾರ ಕೊಟ್ಟಿದೆ: 112ನೇ ವಿಧಿಯಂತೆ ಬಜೆಟ್ ಮೀರಿದ ಖರ್ಚಿಗೆ ಅವರ ಒಪ್ಪಿಗೆ ಬೇಕು. ಸಿಡಿಯುಗೆ ಸಿಕ್ಕ ವಿದೇಶಾಂಗ ಖಾತೆ 1966ರ ನಂತರ ಮೊದಲ ಬಾರಿ ಅದರ ಕೈಗೆ ಬಂದದ್ದು. ಗೃಹ ಖಾತೆ ಸಿಎಸ್‌ಯುನ ಅಲೆಕ್ಸಾಂಡರ್ ಡೊಬ್ರಿಂಟ್ ಪಾಲಾಯಿತು. ಹೊಸದಾಗಿ ಹುಟ್ಟಿದ ಡಿಜಿಟಲ್ ಖಾತೆಗೆ ಕಂಪನಿಯ ಮುಖ್ಯಸ್ಥರಾಗಿದ್ದ ಕಾರ್ಸ್ಟನ್ ವಿಲ್ಡ್‌ಬರ್ಗರ್ ಬಂದರು. ಅವರು ಸಂಸದರಲ್ಲ. ನಮ್ಮಲ್ಲಾದರೆ 75ನೇ ವಿಧಿಯಂತೆ ಆರು ತಿಂಗಳೊಳಗೆ ಸದಸ್ಯತ್ವ ಪಡೆಯಬೇಕಿತ್ತು, ಅಲ್ಲಿ ಅಂಥ ಷರತ್ತಿಲ್ಲ.

ಕ್ರಮದಲ್ಲೂ ವ್ಯತ್ಯಾಸವಿದೆ. ನಮ್ಮಲ್ಲಿ ಪ್ರಮಾಣವಚನ ಮೊದಲು, ಬಹುಮತ ಸಾಬೀತು ಆಮೇಲೆ. ಅಲ್ಲಿ ಮೊದಲು ಸದನ ಗೆಲ್ಲಬೇಕು, ಅದೂ ಗುಪ್ತ ಮತದಾನದಲ್ಲಿ. 2025ರ ಮೇ 6ರ ಬೆಳಿಗ್ಗೆ ಮೆರ್ಜ್‌ಗೆ ಬಿದ್ದದ್ದು 310 ಮತ, ಆರು ಕಡಿಮೆ. ಮೈತ್ರಿಯ ಬಲ 328 ಇದ್ದರೂ ಹೀಗಾಯಿತು. 1949ರಿಂದ ಈಚೆಗೆ ಚುನಾವಣೆಯ ನಂತರದ ಮೊದಲ ಸುತ್ತಿನಲ್ಲಿ ಹೀಗೆ ಯಾರೂ ಸೋತಿರಲಿಲ್ಲ. ಮೊದಲ ಸುತ್ತು ವಿಫಲವಾದರೆ ಸದನಕ್ಕೆ 14 ದಿನ ಸಮಯವಿರುತ್ತದೆ. ಆದರೆ ಗ್ರೀನ್ಸ್ ಮತ್ತು ಎಡಪಕ್ಷದ ಸಹಕಾರದಿಂದ ಮರುಮತದಾನಕ್ಕೆ ಮುನ್ಸೂಚನೆ ಕೊಡಬೇಕೆಂಬ ಸದನದ ನಿಯಮದ ಗಡುವನ್ನು ಬದಿಗಿಟ್ಟು ಅದೇ ಮಧ್ಯಾಹ್ನ ಮತ್ತೆ ಮತ ಹಾಕಿದರು. 325 ಮತ ಬಂತು. ಕೈಕೊಟ್ಟವರು ಯಾರು ಎಂಬುದು ಗುಪ್ತ ಮತದಾನದಲ್ಲಿ ತಿಳಿಯುವಂತಿಲ್ಲ.

ಹಾಗಾದರೆ ಚಾನ್ಸಲರ್ ಬರೀ ಹಂಚಿಕೆದಾರರೇ? ಅಲ್ಲ. 65ನೇ ವಿಧಿ ನೀತಿಯ ದಿಕ್ಕು ನಿರ್ಧರಿಸುವ ಅಧಿಕಾರವನ್ನು ಅವರಿಗೇ ಕೊಡುತ್ತದೆ. ಆ ದಿಕ್ಕಿನೊಳಗೆ ಪ್ರತಿ ಸಚಿವರೂ ತಮ್ಮ ಖಾತೆಯನ್ನು ಸ್ವತಂತ್ರವಾಗಿ ನಡೆಸುತ್ತಾರೆ. ಸಚಿವರ ನಡುವೆ ಜಗಳ ಬಂದರೆ ಇಡೀ ಸಂಪುಟ ತೀರ್ಮಾನಿಸುತ್ತದೆ. ಮೈತ್ರಿ ಮುರಿಯುವ ಹೊತ್ತಿಗೆ ಚಾನ್ಸಲರ್ ಕೈಯ ನಿಜವಾದ ಬಲ ಕಾಣುತ್ತದೆ. 2024ರ ನವೆಂಬರ್ 6ರಂದು ಆಗಿನ ಚಾನ್ಸಲರ್, ಎಸ್‌ಪಿಡಿಯ ಓಲಾಫ್ ಶೋಲ್ಜ್ ತಮ್ಮ ಹಣಕಾಸು ಸಚಿವ, ಮೈತ್ರಿ ಪಕ್ಷ ಎಫ್‌ಡಿಪಿಯ ಕ್ರಿಸ್ಟಿಯಾನ್ ಲಿಂಡ್ನರ್ ಅವರನ್ನು ವಜಾ ಮಾಡಲು ಹೊರಟಾಗ ಆ ಪಕ್ಷದ ಅನುಮತಿ ಬೇಕಿರಲಿಲ್ಲ. ಡಿಸೆಂಬರ್ 16ರಂದು ಅವರು ವಿಶ್ವಾಸಮತ ಕೇಳಿದ್ದೇ ಸೋಲುವುದಕ್ಕೆ, ಏಕೆಂದರೆ 68ನೇ ವಿಧಿಯಂತೆ ಅವಧಿಗೆ ಮುಂಚೆ ಚುನಾವಣೆ ತರುವ ದಾರಿ ಅದೇ. ವಿರೋಧ ಪಕ್ಷಗಳೇ ಚಾನ್ಸಲರ್ ಅವರನ್ನು ಇಳಿಸಬೇಕೆಂದರೆ 67ನೇ ವಿಧಿಯಂತೆ ಅದೇ ಮತದಲ್ಲಿ ಹೊಸಬರನ್ನೂ ಆರಿಸಬೇಕು. ಅದು ಈವರೆಗೆ ಒಮ್ಮೆ ಮಾತ್ರ ಫಲಿಸಿದೆ: 1982ರ ಅಕ್ಟೋಬರ್ 1ರಂದು, ಎಫ್‌ಡಿಪಿ ಬಣ ಬದಲಿಸಿದ ಮೇಲೆ, ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದಾಗ.