ನಾಳೆಯ ಕಾಲುವೆಗೂ ಕೊನೆಭಾಗ ಇದೆ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಥರ್ಮಾಮೀಟರ್ ತೂಗುಹಾಕಿದ್ದೆ. ಒಂದು ಹಾಗೇ ಇತ್ತು. ಇನ್ನೊಂದರ ಬುಡಕ್ಕೆ ಹಳೆ ಬನಿಯನ್ನಿನ ಚೂರು ಸುತ್ತಿ, ಅದರ ತುದಿಯನ್ನು ನೀರಿನ ಲೋಟದೊಳಗೆ ಇಳಿಬಿಟ್ಟಿದ್ದೆ. ಒಣಗಿದ್ದದ್ದು 41 ಡಿಗ್ರಿ ತೋರಿಸುತ್ತಿತ್ತು. ಹಸಿಯಾಗಿದ್ದದ್ದು 24. ಅವ್ವ ಎರಡನ್ನೂ ನೋಡಿ, "ಒಂದು ಕೆಟ್ಟೈತಿ ನೋಡು, ಅಂಗಡಿಗೆ ವಾಪಸ್ ಕೊಟ್ಟು ಬಾ" ಅಂದಳು.

ಎರಡೂ ಸರಿಯಾಗೇ ಇದ್ದವು. ನೀರು ಆವಿಯಾಗುವಾಗ ತಾನಿದ್ದ ಜಾಗದ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ ಹೋಯಿತು ಅಂತ ಲೆಕ್ಕ. ಮಣ್ಣಿನ ಹರವಿಯ ನೀರು ತಣ್ಣಗಿರುವುದು, ಕಿಟಕಿಯ ಕೂಲರ್ ತಂಪು ಗಾಳಿ ಊದುವುದು, ಬೆವರು ಆರಿದಾಗ ಹಾಯ್ ಅನ್ನಿಸುವುದು, ಎಲ್ಲ ಅದೇ ಲೆಕ್ಕದಿಂದ. ಹಸಿ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವುದಕ್ಕೆ ವೆಟ್ ಬಲ್ಬ್ ತಾಪಮಾನ ಅಂತಾರೆ. ಎಷ್ಟೇ ಬೆವರು ಸುರಿಸಿದರೂ ಮೈ ಅದಕ್ಕಿಂತ ಕೆಳಗೆ ತಂಪಾಗುವುದಿಲ್ಲ.

ಬಳ್ಳಾರಿ-ರಾಯಚೂರಿನಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಬೆಂಗಳೂರಿನವರು ನಗುತ್ತಾರೆ. ನಗಲಿ ಬಿಡಿ. ನಮ್ಮ ಬಿಸಿಲಿಗೆ ಒಂದು ಒಳ್ಳೆ ಗುಣ ಇದೆ, ಅದು ಒಣ ಬಿಸಿಲು. 42 ಡಿಗ್ರಿ ಇದ್ದು ತೇವಾಂಶ ಶೇ. 20 ಇದ್ದರೆ ವೆಟ್ ಬಲ್ಬ್ 24ರ ಆಸುಪಾಸು. ಅದೇ 36 ಡಿಗ್ರಿ ಮಾತ್ರ ಇದ್ದು ತೇವಾಂಶ ಶೇ. 60 ಆದರೆ ವೆಟ್ ಬಲ್ಬ್ 29 ದಾಟುತ್ತದೆ. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯ ದಿನ. ಮೈಗೆ ಜಾಸ್ತಿ ಕಷ್ಟ ಎರಡನೆಯ ದಿನ.

ಈ ಥರ್ಮಾಮೀಟರ್ ಹುಚ್ಚು ಹಿಡಿಸಿದ್ದು ಒಂದು ಕಾದಂಬರಿ. ಅಮೆರಿಕದ ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ 2020ರಲ್ಲಿ ಬರೆದ 'ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್'. ಅದರ ಮೊದಲ ಅಧ್ಯಾಯ ನಡೆಯುವುದು ಉತ್ತರ ಪ್ರದೇಶದ ಒಂದು ಊರಲ್ಲಿ. ಬಿಸಿ, ಅದರ ಮೇಲೆ ತೇವ. ಕರೆಂಟ್ ಹೋಗುತ್ತದೆ. ಆಸ್ಪತ್ರೆಯ ಜನರೇಟರನ್ನು ಯಾರೋ ಬಂದೂಕು ತೋರಿಸಿ ಹೊತ್ತೊಯ್ಯುತ್ತಾರೆ. ಜನ ಕೆರೆಗೆ ಇಳಿಯುತ್ತಾರೆ. ಕೆರೆಯ ನೀರೇ ಮೈಗಿಂತ ಬಿಸಿ. ಮುಂದಿನದನ್ನು ನಾನು ಹೇಳುವುದಿಲ್ಲ. ಆ ಅಧ್ಯಾಯ ಓದಿದ ರಾತ್ರಿ ನಾನು ಎರಡು ಸಲ ಎದ್ದು ಕೂಲರಿಗೆ ನೀರು ಹಾಕಿದೆ.

ಕಥೆ ಕಟ್ಟಿದ್ದು ಹೌದು. ಅದರ ಕೆಳಗಿನ ವಿಜ್ಞಾನ ಕಟ್ಟಿದ್ದಲ್ಲ. ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿ ಕೆಲವು ತಾಸು ಹಾಗೇ ನಿಂತರೆ, ನೆರಳಲ್ಲಿ ಕೂತು ನೀರು ಕುಡಿಯುತ್ತಿರುವ ಗಟ್ಟಿಮುಟ್ಟಾದ ಮನುಷ್ಯನೂ ಉಳಿಯುವುದಿಲ್ಲ ಎಂದು 2010ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಸುಮ್ಮನೆ ಕೂತ ಮನುಷ್ಯನ ಮೈಯೂ ಸುಮಾರು 100 ವ್ಯಾಟ್ ಶಾಖ ಹುಟ್ಟಿಸುತ್ತದೆ, ಹಳೆ ಕಾಲದ ಒಂದು ಬಲ್ಬಿನಷ್ಟು. ಅದನ್ನು ಹೊರಗೆ ಹಾಕಲು ದಾರಿಯೇ ಇಲ್ಲದಿದ್ದರೆ ಒಳಗೇ ಬೇಯಬೇಕು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಹರೆಯದವರನ್ನೇ ಕೋಣೆಯೊಳಗೆ ಬಿಟ್ಟು, ಹಗುರ ಓಡಾಟ ಮಾಡಿಸಿ ಪರೀಕ್ಷೆ ಮಾಡಿದಾಗ, ಗಡಿ 35 ಅಲ್ಲ, ತೇವದ ಹವೆಯಲ್ಲಿ 31ರ ಹತ್ತಿರವೇ ಮೈ ಸೋಲತೊಡಗುತ್ತದೆ ಎಂದು ಕಂಡಿತು. ಮುದುಕರಿಗೆ ಅದಕ್ಕಿಂತಲೂ ಮೊದಲೇ.

ಇದು ಕೆಟ್ಟ ನಾಳೆಯ ಕಥೆ. ಇದೇ ಬಿಸಿಲಿನ ಮೇಲೆ ನೂರು ವರ್ಷಕ್ಕೂ ಹಿಂದೆ ನಮ್ಮ ದೇಶದ ಹೆಣ್ಣುಮಗಳೊಬ್ಬಳು ಒಳ್ಳೆಯ ನಾಳೆಯ ಕಥೆ ಬರೆದಿದ್ದಳು. ಬೇಗಂ ರೊಕೆಯಾ. ಕಥೆಯ ಹೆಸರು 'ಸುಲ್ತಾನಾಳ ಕನಸು'. 1905ರಲ್ಲಿ ಮದ್ರಾಸಿನ ಒಂದು ಇಂಗ್ಲಿಷ್ ಮಹಿಳಾ ಪತ್ರಿಕೆಯಲ್ಲಿ ಅಚ್ಚಾಯಿತು. ಅದರಲ್ಲೊಂದು ಹೆಣ್ಣುಮಕ್ಕಳ ನಾಡು. ಅಲ್ಲಿ ಗಂಡಸರು ಪರದೆಯೊಳಗೆ, ಹೆಂಗಸರು ಪ್ರಯೋಗಾಲಯದೊಳಗೆ. ಅಡುಗೆಮನೆಯಲ್ಲಿ ಹೊಗೆ ಇಲ್ಲ, ಇದ್ದಿಲಿಲ್ಲ. ಬಿಸಿಲಿನ ಶಾಖವನ್ನೇ ಕೂಡಿಟ್ಟು ಅದರಲ್ಲಿ ಅಡುಗೆ. ಒಂದು ವಿಶ್ವವಿದ್ಯಾಲಯದವರು ಬಲೂನಿಗೆ ಪೈಪು ಕಟ್ಟಿ ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ. ಬೇಕೆಂದಾಗ ಮಳೆ, ಬೇಡವೆಂದಾಗ ಇಲ್ಲ. ಗಂಡ ಊರಲ್ಲಿಲ್ಲದಾಗ ಹೊತ್ತು ಹೋಗಲೆಂದು ರೊಕೆಯಾ ಇದನ್ನು ಬರೆದದ್ದಂತೆ. ಬಂದು ಓದಿದ ಗಂಡ, ಭಾರಿ ಸೇಡು ತೀರಿಸಿಕೊಂಡಿದ್ದೀಯ ಅಂದನಂತೆ.

ಬಿಸಿಲಡುಗೆ ಆಕೆಯ ಬರೀ ಕಲ್ಪನೆಯಲ್ಲ. ಅದಕ್ಕೂ 27 ವರ್ಷ ಮೊದಲು, 1878ರಲ್ಲಿ, ಮುಂಬಯಿಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ, ಬಿಸಿಲೇ ನಮ್ಮ ಸೀಮೆಗೆ ಸರಿಯಾದ ಉರುವಲು ಅಂತ ಒಂದು ಪುಸ್ತಕ ಬರೆದಿದ್ದ. ಕನ್ನಡಿಗಳನ್ನು ಜೋಡಿಸಿ ಅಡುಗೆ ಮಾಡಿ ತೋರಿಸಿದ್ದ, ಉಗಿಯ ಪಂಪನ್ನೂ ಓಡಿಸಿದ್ದ. ಮಧ್ಯಾಹ್ನದ ಬಿಸಿಲು ನೆಲದ ಪ್ರತಿ ಚದರ ಮೀಟರಿಗೆ ಹೆಚ್ಚುಕಡಿಮೆ 1,000 ವ್ಯಾಟ್ ಸುರಿಯುತ್ತದೆ. ನಮ್ಮ ಮಾಳಿಗೆಯ ಮೇಲೆ ಬೀಳುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಷ್ಟನ್ನೂ ನಾವು ಉಪಯೋಗಿಸುವುದು ಸಂಡಿಗೆ ಒಣಗಿಸಲು.

ಮೊನ್ನೆ ಮಾನ್ವಿ ಕಡೆಯ ನಮ್ಮ ಮಾವ ಮನೆಗೆ ಬಂದಿದ್ದ. ಅವನ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ರೊಕೆಯಾಳ ಕಥೆಯನ್ನು ಅವನಿಗೆ ಹೇಳಿದೆ. ಬಿಸಿಲಡುಗೆಗೆ ಹೂಂ ಅಂದ. ಗಂಡಸರು ಪರದೆಯೊಳಗೆ ಅಂದಾಗ ಅತ್ತೆಯ ಮುಖ ನೋಡಿ ನಕ್ಕ. ಮೋಡದ ಪೈಪಿಗೆ ಬಂದಾಗ ಮಾತ್ರ ಸೆಟೆದು ಕೂತ. "ಆ ಪೈಪಿಗೆ ತೂಬು ಎಲ್ಲೆಲ್ಲಿ ಐತಪಾ? ಮ್ಯಾಗಿನವರು ಎಷ್ಟು ಕಟ್ಟಿಕೊಂತಾರ? ಅದನ್ನ ಬರದಾಳೇನು?"

ಬರೆದಿಲ್ಲ. ಈ ಪ್ರಶ್ನೆ ಕೇಳಿದ ಮೇಲೆ ನಾನು ಓದಿದ್ದ ವೈಜ್ಞಾನಿಕ ಕಥೆಗಳೆಲ್ಲ ಬೇರೆ ಥರ ಕಾಣತೊಡಗಿದವು.

ಒಳ್ಳೆಯ ನಾಳೆಯ ಕಥೆಗೆ ಯುಟೋಪಿಯ ಅಂತ ಹೆಸರು. 1516ರಲ್ಲಿ ಥಾಮಸ್ ಮೋರ್ ಎಂಬ ಇಂಗ್ಲಿಷ್ ಬರಹಗಾರ ಗ್ರೀಕ್ ಮಾತಿನಿಂದ ಕಟ್ಟಿದ ಪದ ಅದು. ಅರ್ಥ, 'ಎಲ್ಲೂ ಇಲ್ಲದ ಊರು'. ಆ ಊರಲ್ಲಿ ಬಂಗಾರಕ್ಕೆ ಕವಡೆ ಕಿಮ್ಮತ್ತಿಲ್ಲ. ಬಂಗಾರದಲ್ಲಿ ಉಚ್ಚೆ ಪಾತ್ರೆ ಮಾಡುತ್ತಾರೆ. ಹಟ್ಟಿ ಚಿನ್ನದ ಗಣಿಯ ಜಿಲ್ಲೆಯವರಾದ ನಮಗೆ ಇದು ಖುಷಿ ಕೊಡುವ ಮಾತು, ಅಲ್ವಾ? ಆದರೆ ಬಂಗಾರದಿಂದ ಅಲ್ಲಿ ಇನ್ನೊಂದು ವಸ್ತುವನ್ನೂ ಮಾಡುತ್ತಾರೆ, ಗುಲಾಮರ ಸರಪಳಿ. ಮೊಟ್ಟಮೊದಲ ಯುಟೋಪಿಯದಲ್ಲೇ ಗುಲಾಮರಿದ್ದರು. ಡಿಸ್ಟೋಪಿಯ, ಅಂದರೆ ಕೆಟ್ಟ ಊರು ಅನ್ನುವ ಮಾತು ಬಳಕೆಗೆ ಬಂದದ್ದು ಬಹಳ ತಡವಾಗಿ. 1868ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದುರು ಪಕ್ಷದವರನ್ನು ಬೈಯಲು ಅದನ್ನು ಬಳಸಿದ. ಐರ್ಲೆಂಡಿನ ಆಡಳಿತದ ಮೇಲೆ ನಡೆಯುತ್ತಿದ್ದ ಚರ್ಚೆ ಅದು.

ಡಿಸ್ಟೋಪಿಯ ಅಂದರೆ ಎಲ್ಲರೂ ಮೊದಲು ಹೆಸರಿಸುವುದು ಹಕ್ಸ್ಲಿಯ 1932ರ ಕಾದಂಬರಿ 'ಬ್ರೇವ್ ನ್ಯೂ ವರ್ಲ್ಡ್' ಮತ್ತು ಆರ್ವೆಲ್‌ನ 1949ರ 'ನೈಂಟೀನ್ ಎಯ್ಟಿ-ಫೋರ್'. ದೊಡ್ಡ ಪುಸ್ತಕಗಳೇ. ಆದರೆ ಅವುಗಳಲ್ಲಿ ಬಾಯಾರಿಕೆ ಇಲ್ಲ. ಅಲ್ಲಿ ಕಾಟ ಕೊಡುವುದು ಆಳುವವರು, ಹವೆಯಲ್ಲ. ನಮ್ಮ ಸೀಮೆಯವನಾಗಿ ನನಗೆ ಹೆಚ್ಚು ಹತ್ತಿರವಾದದ್ದು ಫ್ರಾಂಕ್ ಹರ್ಬರ್ಟ್‌ನ 1965ರ 'ಡ್ಯೂನ್'. ಇಡೀ ಗ್ರಹವೇ ಮರಳುಗಾಡು. ಜನ ಮೈತುಂಬ ಒಂದು ಉಡುಪು ತೊಟ್ಟು, ಸುರಿದ ಬೆವರನ್ನೇ ಮತ್ತೆ ನೀರು ಮಾಡಿ ಕುಡಿಯುತ್ತಾರೆ. ಓದುವಾಗ ರೋಮಾಂಚನ. ಬನಿಯನ್ ಸುತ್ತಿದ ಥರ್ಮಾಮೀಟರ್ ಮುಂದೆ ಕೂತರೆ ಅನುಮಾನ. ಬೆವರು ಆವಿಯಾದಾಗ ಹೋಗುವ 2,400 ಕಿಲೋಜೂಲ್, ಅದೇ ಆವಿ ಉಡುಪಿನೊಳಗೆ ಮತ್ತೆ ನೀರಾದಾಗ ಪೂರ್ತಿ ವಾಪಸ್ ಬರುತ್ತದೆ. ಆ ಶಾಖವನ್ನು ಹೊರಗೆ ದಬ್ಬುವ ಯಂತ್ರ ಬೇರೆ ಇಲ್ಲದಿದ್ದರೆ, ಉಡುಪು ತೊಟ್ಟವನು ಕುಕ್ಕರಿನೊಳಗಿನ ಬೇಳೆ.

ಮಾವನ ತೂಬಿಗೆ ಬರುತ್ತೇನೆ. ನಮ್ಮ ಪಾಲಿನ ಯುಟೋಪಿಯ ಯಾವುದು ಅಂತ ಕೇಳಿದರೆ ನಾನು ತುಂಗಭದ್ರಾ ಅಣೆಕಟ್ಟು ಅನ್ನುತ್ತೇನೆ. 1876-78ರ ಬರದಲ್ಲಿ ಬಳ್ಳಾರಿ ಸೀಮೆಯ ಜನ ಸತ್ತದ್ದಕ್ಕೆ ಲೆಕ್ಕವಿಲ್ಲ. ಅಂಥ ನೆಲಕ್ಕೆ ನೀರು ತರುವುದು ಕಥೆಗಾರನೂ ಬರೆಯಲು ಹಿಂಜರಿಯುವ ಕನಸು. 1953ರಲ್ಲಿ ಅದು ನಿಜವಾಯಿತು. ಅಣೆಯ ಎಡಗಡೆ ತುದಿ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿದೆ. ಅಲ್ಲಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ.

ಕನಸಿನ ನಕ್ಷೆ ನಿಜಕ್ಕೂ ಚೆನ್ನಾಗಿತ್ತು. ಇದ್ದಷ್ಟು ನೀರನ್ನು ತೆಳ್ಳಗೆ, ಬಹಳ ಹೊಲಗಳಿಗೆ ಹಂಚಬೇಕು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಒಣಗದಂತೆ ಕಾಪಾಡಬೇಕು. ಯಾವ ಹೊಲದಲ್ಲಿ ಯಾವ ಬೆಳೆ ಅಂತ ಕಾಗದದಲ್ಲೇ ಗೊತ್ತುಮಾಡಿದ್ದರು. ಕಾಗದ ಕಾಗದದಲ್ಲೇ ಉಳಿಯಿತು. ಮೇಲ್ಭಾಗದಲ್ಲಿ ನೆಲ್ಲು ಬಂತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೆದ್ದವು, ರೈಸ್‌ಮಿಲ್ ಎದ್ದವು, ಗಂಗಾವತಿಗೆ ಭತ್ತದ ಕಣಜ ಅಂತ ಹೆಸರಾಯಿತು. ಮನೆ ಬಾಗಿಲಲ್ಲೇ ಕಾಲುವೆ ತುಂಬಿ ಹರಿಯುವಾಗ ಜೋಳ ಬೆಳಿ ಅಂದರೆ ಯಾರು ಕೇಳುತ್ತಾರೆ? ನಾನಿದ್ದರೂ ಕೇಳುತ್ತಿರಲಿಲ್ಲ. ಕೊನೆಭಾಗದವರು ಮಾತ್ರ ಪ್ರತಿ ವರ್ಷ ಕಾಲುವೆಯ ನೀರಿನ ಮಟ್ಟ ತೋರಿಸುವ ಗೇಜ್ ನೋಡುತ್ತಾ, ನೀರು ಬಿಡಿ ಅಂತ ರಸ್ತೆಗೆ ಇಳಿಯುತ್ತಾರೆ. ಒಂದೇ ಕಾಲುವೆ. ಗಂಗಾವತಿಯಲ್ಲಿ ನಿಂತು ಬರೆದರೆ ಯುಟೋಪಿಯ. ಮಾವನ ಬದುವಿನ ಮೇಲೆ ನಿಂತು ಬರೆದರೆ ಬೇರೆ ಪುಸ್ತಕ.

ಇನ್ನೊಂದು ಸಂಗತಿಯನ್ನು ಕಥೆಗಳಲ್ಲಿ ನಾನು ಅಪರೂಪಕ್ಕೂ ಕಂಡಿಲ್ಲ, ಹೂಳು. ಅಣೆ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ ಹಿಡಿಯುವುದು 105ರ ಸುಮಾರು. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಅಂಥ 28ರ ಜಾಗದಲ್ಲಿ ಮಣ್ಣು ಕೂತಿದೆ. ಯಾರೂ ಬಾಂಬ್ ಹಾಕಲಿಲ್ಲ, ಯಾವ ರೋಬೋಟೂ ತಿರುಗಿಬೀಳಲಿಲ್ಲ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸುವವರೆಗೆ ನಾಲ್ಕು ಜಿಲ್ಲೆಯ ಜನ ಟಿವಿಯ ಮುಂದಿಂದ ಏಳಲಿಲ್ಲ. 70 ವರ್ಷದ ಒಂದು ಚೈನು. ಒಳ್ಳೆಯ ನಾಳೆ ಬರೆಯುವವರು ಗ್ರೀಸ್ ಹಚ್ಚುವವನಿಗೂ ಒಂದು ಪಾತ್ರ ಕೊಡಬೇಕಿತ್ತು.

ಕೊನೆಭಾಗದ ಲೆಕ್ಕ ಗೊತ್ತಿದ್ದ ಲೇಖಕರೂ ಇದ್ದಾರೆ. ಎಚ್. ಜಿ. ವೆಲ್ಸ್ 1895ರ 'ಟೈಮ್ ಮಷೀನ್'ನಲ್ಲಿ ಮೊದಲು ತೋರಿಸುವುದು ಹೂದೋಟದಂಥ ನಾಡು, ಆಡಿಕೊಂಡಿರುವ ಜನ. ಆಮೇಲೆ ನೆಲದ ಕೆಳಗೆ ದುಡಿಯುವವರ ಯಂತ್ರಗಳ ಸದ್ದು ಕೇಳಿಸುತ್ತದೆ. ಉರ್ಸುಲಾ ಲೆ ಗ್ವಿನ್ 1973ರಲ್ಲಿ ಬರೆದ ಒಂದು ಸಣ್ಣ ಕಥೆಯಲ್ಲಿ ಇಡೀ ಊರಿನ ಸುಖ ಒಂದು ಮಗುವಿನ ಮೇಲೆ ನಿಂತಿದೆ. ಆ ಮಗುವನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಊರಿನವರಿಗೆಲ್ಲ ಗೊತ್ತು. ಕೆಲವರು ಸಹಿಸಲಾಗದೆ ಊರು ಬಿಟ್ಟು ನಡೆದುಬಿಡುತ್ತಾರೆ. ಹೊಲ ಇದ್ದವನು ಹಾಗೆ ಬಿಟ್ಟು ಹೋಗಲಾರ ಅನ್ನುವುದೊಂದೇ ಆ ಕಥೆಯ ಮೇಲೆ ನನ್ನ ತಕರಾರು.

ರಾಬಿನ್ಸನ್ ಅದಕ್ಕೇ ಇಷ್ಟವಾಗುತ್ತಾನೆ. ಅವನ ಪುಸ್ತಕ ನರಕದಲ್ಲಿ ಶುರುವಾಗಿ, ಉಳಿದ ಐನೂರು ಚಿಲ್ಲರೆ ಪುಟ ರಿಪೇರಿ ಕೆಲಸ ಮಾಡುತ್ತದೆ. ಮೀಟಿಂಗು, ಬ್ಯಾಂಕು, ಹಿಮನದಿಯ ತಳಕ್ಕೆ ಪಂಪು. ಕೆಲವು ಕಡೆ ನಿದ್ದೆಯೂ ಬರುತ್ತದೆ. ಭಾರತ ಸರ್ಕಾರ ವಿಮಾನಗಳಿಂದ ಆಕಾಶಕ್ಕೆ ಗಂಧಕ ಬಿಟ್ಟು ಬಿಸಿಲು ತಗ್ಗಿಸುವ ಭಾಗವೂ ಇದೆ. ಅದಕ್ಕೂ ಆಧಾರ ಇದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಉಗುಳಿದ ಗಂಧಕದಿಂದ ಭೂಮಿ ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಂಪಾಗಿತ್ತು. ಆದರೆ ಆಕಾಶಕ್ಕೆ ಹಾಗೆ ಕೈ ಹಾಕಿದರೆ ಮುಂಗಾರು ಎಲ್ಲಿ ಕಡಿಮೆಯಾಗುತ್ತದೋ ಎಂಬ ಭಯ ವಿಜ್ಞಾನಿಗಳಿಗಿದೆ. ಮಾವನಿದ್ದರೆ ಇಲ್ಲೂ ತೂಬಿನ ಮಾತೆತ್ತುತ್ತಿದ್ದ.

ಕಾಲುವೆಗೂ ವೆಟ್ ಬಲ್ಬಿಗೂ ನಂಟಿದೆ. ಗಾಂಧಿನಗರದ ಐಐಟಿಯ ಸಂಶೋಧಕರು ಮತ್ತು ಅವರ ಜೊತೆಗಾರರು 2020ರಲ್ಲಿ ಒಂದು ವಿಷಯ ತೋರಿಸಿದರು. ನೀರಾವರಿ ಜಾಸ್ತಿ ಇರುವ ಕಡೆ, ಮುಖ್ಯವಾಗಿ ಗಂಗೆಯ ಬಯಲಲ್ಲಿ, ಹಗಲಿನ ಬಿಸಿ ಕಡಿಮೆಯಾಗುತ್ತದೆ. ಗಾಳಿಯ ತೇವ ಮಾತ್ರ ಏರುತ್ತದೆ. ಹೀಗಾಗಿ ಒಣ ಥರ್ಮಾಮೀಟರ್ ಇಳಿದು ಹಸಿ ಥರ್ಮಾಮೀಟರ್ ಏರುತ್ತದೆ. ಹಸಿವು ನೀಗಿಸಿದ ನೀರೇ ನಾಟಿ ಮಾಡುವವಳ ಬೆವರು ಆರದಂತೆ ತಡೆಯುತ್ತದೆ.

ಜೂನ್ ಮೊದಲ ವಾರ ನಮ್ಮಲ್ಲಿ ಒಂದು ಅಡ್ಡಮಳೆ ಬಿತ್ತು. ಮರುದಿನ ಒಣಗಿದ್ದದ್ದು 35, ಹಸಿಯಾಗಿದ್ದದ್ದು 28. ಕೂಲರ್ ಹಚ್ಚಿದರೆ ಒದ್ದೆ ಗೋಣಿಯ ವಾಸನೆಯ ಗಾಳಿ, ತಂಪಿಲ್ಲ. ಬೇಗ ಬೇಗ ಕಿಟಕಿ ತೆಗೆದು, ಕೂಲರಿಗೆ ನೀರು ಬಿಡುವ ಪಂಪ್ ನಿಲ್ಲಿಸಿ, ಬರೀ ಫ್ಯಾನ್ ಬಿಟ್ಟೆ. ಅವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಒಳಗಿನಿಂದಲೇ ಕೂಗಿದಳು. "ಆ ಹಸೇದು ಎಷ್ಟೈತಿ ನೋಡೋ."