ಅಲ್ಲಾಡದಿದ್ದರೆ ನೀವು ಇಲ್ಲ

ಬೆಂಗಳೂರಿನ ಐಟಿ ಆಫೀಸುಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತೇ ಇರುತ್ತದೆ. ಟಾಯ್ಲೆಟ್‌ನಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಲೈಟು ಆರಿಹೋಗುತ್ತದೆ, ಆಮೇಲೆ ಕತ್ತಲಲ್ಲಿ ಕೈ ಬೀಸುತ್ತಾ ಕೂರಬೇಕು. ಮೇಲಿರುವ ಪಿಐಆರ್ ಸೆನ್ಸರ್‌ಗೆ ಮನುಷ್ಯ ಕಾಣುವುದಿಲ್ಲ. ಮೈಯ ಶಾಖ ಅತ್ತಿಂದ ಇತ್ತ ಸರಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಅಲ್ಲಾಡದಿದ್ದರೆ ನೀವು ಅಲ್ಲಿಲ್ಲ, ಅಷ್ಟೇ.

ಯಂತ್ರದ ಈ ಅರೆಗುರುಡುತನವನ್ನೇ ಕಲೆ ಮಾಡಿಕೊಂಡವರು ಐವತ್ತು ವರ್ಷದ ಹಿಂದೆಯೇ ಇದ್ದರು. 1968ರಲ್ಲಿ ಲಂಡನ್ನಿನ ಒಂದು ಪ್ರದರ್ಶನದಲ್ಲಿ ಎಡ್ವರ್ಡ್ ಇನಾಟೋವಿಚ್ ಹೂವಿನಂಥ ಒಂದು ಯಂತ್ರ ಇಟ್ಟಿದ್ದರು. ಹೆಸರು ಸ್ಯಾಮ್, ಶಬ್ದ ಬಂದ ಕಡೆ ತಿರುಗುವುದೇ ಅದರ ಕೆಲಸ. ಆಮೇಲೆ ಫಿಲಿಪ್ಸ್ ಕಂಪನಿ ಅವರಿಂದ ಸೆನ್ಸ್‌ಟರ್ ಎಂಬ ಯಂತ್ರ ಮಾಡಿಸಿ, 1970ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ನಿಲ್ಲಿಸಿತು. ಸುಮಾರು 15 ಅಡಿ ಉದ್ದದ ಉಕ್ಕಿನ ಪ್ರಾಣಿ, ತಲೆಯಲ್ಲಿ ಮೈಕು ಮತ್ತು ರೇಡಾರ್, ನಡೆಸುವುದಕ್ಕೆ ಒಂದು ಕಂಪ್ಯೂಟರ್. ಮೆಲ್ಲಗೆ ಮಾತಾಡಿದರೆ ಕತ್ತು ಬಗ್ಗಿಸಿ ಹತ್ತಿರ ಬರುತ್ತಿತ್ತು, ಕಿರುಚಿದರೆ ಅಥವಾ ಜೋರಾಗಿ ಕೈ ಆಡಿಸಿದರೆ ಹಿಂದೆ ಸರಿಯುತ್ತಿತ್ತು. ಒಳಗಿನ ನಿಯಮ ಇಷ್ಟೇ, ಆದರೆ ನೋಡಿದವರಿಗೆ ಅದು ನಾಚಿಕೆಯ ಪ್ರಾಣಿ! ನಾಚಿಕೆಯನ್ನು ಯಾರೂ ಅದರೊಳಗೆ ತುಂಬಿರಲಿಲ್ಲ, ಅದು ನಮ್ಮ ತಲೆಯಿಂದ ಬಂದದ್ದು ಅಲ್ವಾ? 1974ರಲ್ಲಿ ಅದನ್ನು ಬಿಚ್ಚಿಬಿಟ್ಟರು.

ಅದೇ ದಶಕದಲ್ಲಿ ಅಮೆರಿಕದ ಕಲಾವಿದ ಮೈರನ್ ಕ್ರೂಗರ್ ಕ್ಯಾಮೆರಾ ಹಿಡಿದರು. ಬೇರೆ ಬೇರೆ ಕೋಣೆಯಲ್ಲಿದ್ದವರ ನೆರಳುಗಳು ಒಂದೇ ಪರದೆಯ ಮೇಲೆ ಒಟ್ಟಿಗೆ ಆಡುವ ಹಾಗೆ ಮಾಡಿದರು. 2005ರಲ್ಲಿ ಆರ್ಡುಯಿನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡು, 2010ರಲ್ಲಿ ಮೈಯ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಬಂದ ಮೇಲೆ ಇದೆಲ್ಲ ಅಗ್ಗವಾಯಿತು, ಕಾಲೇಜು ಹುಡುಗರ ಕೈಗೂ ಸಿಕ್ಕಿತು.

ನಮ್ಮ ಊರಿನಲ್ಲಿ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರಿಂದಲೂ ಇದೆ. ಸ್ಕೂಲ್ ಟ್ರಿಪ್ಪಿಗೆ ಹೋದಾಗ ಅಲ್ಲಿ ಗುಂಡಿ ಒತ್ತಲು ನೂಕಾಡುತ್ತಿದ್ದೆವು. ಈಗ ಹೆಬ್ಬಾಳದ ಕಡೆ ಕಲೆ ಮತ್ತು ವಿಜ್ಞಾನ ಎರಡನ್ನೂ ಒಟ್ಟಿಗೆ ಇಡುವ ಸೈನ್ಸ್ ಗ್ಯಾಲರಿಯೂ ಇದೆ. ಮಾಲುಗಳಲ್ಲಿ ಕೈ ಬೀಸಿದರೆ ಹೂ ಅರಳುವ ಗೋಡೆಗಳಿಗಂತೂ ಕಡಿಮೆ ಇಲ್ಲ. ಅವು ನನಗೆ ಹಿಡಿಸುವುದಿಲ್ಲ. ಒಂದು ಸೆಲ್ಫಿ ತೆಗೆದ ಮೇಲೆ ಅಲ್ಲಿ ಏನೂ ಉಳಿಯುವುದಿಲ್ಲ. ಸೆನ್ಸ್‌ಟರ್ ಮುಂದೆ ಜನ ತಾವಾಗಿಯೇ ದನಿ ತಗ್ಗಿಸಬೇಕಾಗಿತ್ತು, ಈ ಗೋಡೆ ಏನನ್ನೂ ಕೇಳುವುದೇ ಇಲ್ಲ.

ನಿಮಗೇ ಮಾಡಿ ನೋಡಬೇಕಾ? ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಅಲ್ಟ್ರಾಸೋನಿಕ್ ಸೆನ್ಸರ್ ಕೇಳಿ, ಜಾಸ್ತಿ ದುಡ್ಡಾಗುವುದಿಲ್ಲ. ಎರಡು ಕಣ್ಣಿನಂತೆ ಕಾಣುತ್ತದೆ, ಆದರೆ ಒಂದು ಬಾಯಿ, ಇನ್ನೊಂದು ಕಿವಿ. ಸೆಕೆಂಡಿಗೆ 40,000 ಕಂಪನದ ಶಬ್ದ ಹೊರಡಿಸಿ, ಮಾರ್ದನಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ನಮ್ಮ ಕಿವಿ 20,000ಕ್ಕೇ ನಿಂತುಬಿಡುತ್ತದೆ. ಬೀದಿನಾಯಿಯದು ಅದಕ್ಕಿಂತ ತುಂಬಾ ಮುಂದೆ ಹೋಗುತ್ತದೆ, ಹಾಗಾಗಿ ನಿಮ್ಮ 'ಮೌನ' ಕಲಾಕೃತಿ ಅದಕ್ಕೆ ಕೂಗಾಟದಂತೆ ಕೇಳಿಸುತ್ತಿರಬಹುದು.